ಅಲಂಕಾರಿಕ ಕಾಂಕ್ರೀಟ್ ಹಾಸು: ಎರೆನೆಲದ ಅಂಗಳ ಮತ್ತು ಕಾಲುದಾರಿ

ಅಲಂಕಾರಿಕ ಕಾಂಕ್ರೀಟ್ ಹಾಸು ಎಂದರೆ ಮನೆಯ ಅಂಗಳ, ಹೂದೋಟದಲ್ಲಿ ಕೂರುವ ಜಾಗ ಮತ್ತು ಕಾಲುದಾರಿಗಳಲ್ಲಿ ಸಿಮೆಂಟು, ಉಸುಕು, ಖಡಿ ಮತ್ತು ನೀರಿನ ಮಿಶ್ರಣವನ್ನು ಹಾಸಿ, ಅದಕ್ಕೆ ಬಣ್ಣ, ಅಚ್ಚು, ಗೆರೆ ಇಲ್ಲವೆ ಕಲ್ಲಿನ ಮೈ ಕೊಟ್ಟು ಸಿದ್ಧಪಡಿಸುವ ನೆಲಹಾಸು. ಮೊದಲೇ ಎರಕ ಹೊಯ್ದು ತಂದು ಜೋಡಿಸುವ ಬಿಡಿ ಬಿಲ್ಲೆಗಳೂ ಇದರಲ್ಲಿ ಸೇರುತ್ತವೆ. ಈ ಲೇಖನ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ, ಅದರಲ್ಲೂ ಶಿರಗುಪ್ಪಿ ಸುತ್ತಿನ ಕೃಷ್ಣಾ ಸೀಮೆಯ ನೆಲವನ್ನು ಎದುರಿಗಿಟ್ಟುಕೊಂಡು ಬರೆದದ್ದು. ಇಲ್ಲಿ ಹಾಸಿನ ಬಾಳಿಕೆಯನ್ನು ನಿರ್ಧರಿಸುವುದು ಕೆಳಗಿರುವ, ತೇವಕ್ಕೆ ಉಬ್ಬಿ ಒಣಗಿದಾಗ ಕುಗ್ಗುವ ಎರೆಮಣ್ಣು. ಆದ್ದರಿಂದ ಸಂದುಗಳನ್ನು ಮರೆಮಾಡುವ ಅಲಂಕಾರಕ್ಕಿಂತ ಸಂದುಗಳನ್ನೇ ಚಿತ್ತಾರವಾಗಿಸುವ ಅಲಂಕಾರ ಈ ಸೀಮೆಗೆ ಹೆಚ್ಚು ಹೊಂದುತ್ತದೆ ಎಂಬುದು ಮುಂದಿನ ವಿವರಣೆಯ ತಿರುಳು.

ಪರಿಭಾಷೆ

ಲೇಖನದುದ್ದಕ್ಕೂ ‘ಹಾಸು’ ಎಂದರೆ ಕಾಂಕ್ರೀಟಿನ ಪದರ, ‘ಬುಡಪದರ’ ಎಂದರೆ ಅದರ ಕೆಳಗೆ ದಮ್ಮಸು ಮಾಡಿದ ಗರಸು ಮತ್ತು ಖಡಿ, ‘ಚೌಕ’ ಎಂದರೆ ಎರಡು ಸಂದುಗಳ ನಡುವಿನ ತುಂಡು. ‘ಸಂದು’ ಬೇಕೆಂದೇ ಬಿಟ್ಟದ್ದು. ‘ಬಿರುಕು’ ತಾನಾಗಿ ಬಂದದ್ದು. ಈ ಎರಡನ್ನು ಒಂದೇ ಎಂದುಕೊಂಡರೆ ಮುಂದಿನ ವಾದ ಹಿಡಿತಕ್ಕೆ ಸಿಗುವುದಿಲ್ಲ. ಗರಸು (ಮುರ್ರಂ), ಖಡಿ (ಜಲ್ಲಿ), ಉಸುಕು (ಮರಳು), ಫರಸಿ (ಹಾಸುಗಲ್ಲು), ಗಚ್ಚು (ಗಾರೆ), ಗೌಂಡಿ (ಗಾರೆ ಕೆಲಸದವ) ಎಂಬುವು ಉತ್ತರ ಕರ್ನಾಟಕದ ಆಡುನುಡಿಯ ಪದಗಳು. ಇವುಗಳಲ್ಲಿ ಕೆಲವು ಗಡಿಯಾಚೆಯ ಮರಾಠಿಯಲ್ಲೂ ಬಳಕೆಯಲ್ಲಿವೆ. ಪಶ್ಚಿಮದ ತೋಟಗಾರಿಕೆ ಪುಸ್ತಕಗಳು ಹೇಳುವ ‘ಪ್ಯಾಟಿಯೊ’ ವಿರಾಮದ ಜಾಗ. ಈ ಸೀಮೆಯ ತೋಟದ ಮನೆಯ ಅಂಗಳ ದುಡಿಮೆಯ ಜಾಗವೂ ಹೌದು. ವಿನ್ಯಾಸದ ಹಲವು ತೀರ್ಮಾನಗಳು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಮೂಲ

ನೆಲವನ್ನು ಗಟ್ಟಿಮಾಡುವ ಇಲ್ಲಿಯ ಹಳೆಯ ಮಾದರಿ ಕಣ. ಸುಗ್ಗಿಗೆ ಮುಂಚೆ ಮಣ್ಣಿಗೆ ನೀರು ಹೊಡೆದು, ತುಳಿಸಿ, ಬಡಿದು, ಸೆಗಣಿ ಸಾರಿಸಿ ಮಾಡುತ್ತಿದ್ದ ಕಣ ಒಂದು ಹಂಗಾಮಿಗಷ್ಟೇ ಉಳಿಯುತ್ತಿತ್ತು. ಮರುವರ್ಷ ಮತ್ತೆ ಮಾಡಬೇಕಾಗುತ್ತಿತ್ತು. ಬಿರಿಯುವ ನೆಲದ ಮೇಲೆ ಶಾಶ್ವತ ಹಾಸನ್ನು ಬಯಸದೆ, ವರ್ಷಕ್ಕೊಮ್ಮೆ ರಿಪೇರಿಯನ್ನು ಒಪ್ಪಿಕೊಂಡ ಕ್ರಮವದು. ಉಳ್ಳವರ ವಾಡೆ ಮತ್ತು ಗುಡಿಗಳಲ್ಲಿ ಕಲ್ಲು ಹಾಸಿದರು, ಸುಣ್ಣದ ಗಚ್ಚು ಹಾಕಿದರು. ಕಾಗವಾಡ ತಾಲ್ಲೂಕಿನ ಜುಗೂಳದ ಎದುರು, ಕೃಷ್ಣೆಯ ಆಚೆ ದಂಡೆಯಲ್ಲಿ, ಮಹಾರಾಷ್ಟ್ರದ ಶಿರೋಳ ತಾಲ್ಲೂಕಿಗೆ ಸೇರಿದ ಖಿದ್ರಾಪುರದ ಕೋಪೇಶ್ವರ ದೇವಾಲಯವಿದೆ. 12ನೇ ಶತಮಾನದ, ಶಿಲಾಹಾರರ ಕಾಲದ ಈ ಗುಡಿಯ ಸ್ವರ್ಗಮಂಟಪದಲ್ಲಿ ಮೇಲೆ ತೆರೆದ ವೃತ್ತ, ಅದರ ನೇರ ಕೆಳಗೆ ದುಂಡನೆಯ ಕಲ್ಲಿನ ಹಾಸು. ಉಳಿದ ನೆಲದಿಂದ ಅದನ್ನು ಬೇರೆಮಾಡಿ ತೋರಿಸುವುದು ಕಲ್ಲು ಕಲ್ಲು ಕೂಡುವ ಗೆರೆಯೇ. ಮುಂದೆ ಕಲಬುರಗಿ ಜಿಲ್ಲೆಯ ಶಹಾಬಾದಿನ ಸುಣ್ಣಕಲ್ಲಿನ ಚಪ್ಪಡಿಗಳು ‘ಶಾಬಾದಿ ಫರಸಿ’ ಎಂಬ ಹೆಸರಿನಲ್ಲಿ ಈ ಭಾಗದ ಪಡಸಾಲೆ, ಕಟ್ಟೆ, ಬಚ್ಚಲುಗಳಿಗೆ ಬಂದವು. ಪದರ ಪದರವಾಗಿ ಸೀಳುವ ಕಲ್ಲಾದ್ದರಿಂದ ಅದಕ್ಕೆ ಸಮತಟ್ಟಾದ ಮೈ ಹುಟ್ಟಿನಿಂದಲೇ ಬಂದಿತ್ತು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದ. ಭಾರತದಲ್ಲಿ 1904ರಲ್ಲಿ ಮದರಾಸಿನಲ್ಲಿ ಒಂದು ಯತ್ನ ನಡೆದು, 1914ರಲ್ಲಿ ಪೋರಬಂದರಿನ ಕಾರ್ಖಾನೆಯಿಂದ ತಯಾರಿಕೆ ನೆಲೆಗೊಂಡಿತು. ಸಿಮೆಂಟಿನೊಂದಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ ನಯವಾಗಿ ಉಜ್ಜಿದ ಕೆಂಪು ಗಚ್ಚು ಕರ್ನಾಟಕದ ಮನೆಗಳೊಳಗೆ ಮೆಚ್ಚುಗೆ ಪಡೆದ ಅಲಂಕಾರಿಕ ಸಿಮೆಂಟ್ ನೆಲ. ಹಸಿ ಕಾಂಕ್ರೀಟಿನ ಮೇಲೆ ಅಚ್ಚೊತ್ತಿ ಕಲ್ಲು, ಇಟ್ಟಿಗೆ, ಮರದ ಹಲಗೆಯ ನೋಟ ತರುವ ಪದ್ಧತಿಯನ್ನು 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ರಾಡ್ ಬೋಮನ್ ರೂಢಿಗೆ ತಂದ. ಕಾಂಕ್ರೀಟ್ ಬಿಲ್ಲೆಗಳ ರಸ್ತೆ ಎರಡನೇ ಮಹಾಯುದ್ಧದ ತರುವಾಯ ನೆದರ್‌ಲ್ಯಾಂಡ್ಸ್‌ನಲ್ಲಿ ಇಟ್ಟಿಗೆ ಹಾಸಿನ ಬದಲಿಯಾಗಿ ಹರಡಿತು. ಅದು ಹಲವೆಡೆ ಸಮುದ್ರಮಟ್ಟಕ್ಕಿಂತ ತಗ್ಗಾದ, ಮೆತ್ತನೆಯ, ಕುಸಿಯುವ ನೆಲದ ನಾಡು ಎಂಬುದು ಇಲ್ಲಿ ಗಮನಿಸತಕ್ಕದ್ದು.

ನೆಲದ ಸ್ವಭಾವ

ಈ ಐದು ತಾಲ್ಲೂಕುಗಳ ಬಹುಭಾಗ ದಖನ್ನಿನ ಲಾವಾ ಪದರಗಳ ಮೇಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಬಸಾಲ್ಟ್ ಆಯಿತು. ಅದೇ ಊರಿನವರ ಕರಿಕಲ್ಲು. ಆ ಕಲ್ಲು ಸವೆದು ಆದ ಮಣ್ಣು ಎರೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಕೈ ಹೋಗುವಷ್ಟು ಬಾಯಿಬಿಡುವುದು, ಮೃಗಶಿರಾ ಮಳೆಗೆ ಆ ಬಾಯಿ ಮುಚ್ಚಿಕೊಳ್ಳುವುದು ರೈತರಿಗೆ ಹೊಸದಲ್ಲ. ಉಬ್ಬುವ ಗುಣವನ್ನು ಅಳೆಯಲು ಭಾರತೀಯ ಮಾನಕ ಐ.ಎಸ್. 2720ರ 40ನೇ ಭಾಗದಲ್ಲಿ ಒಂದು ಸರಳ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆ ಪಾತ್ರೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಮಟ್ಟದ ಅಂತರ ಸೀಮೆಎಣ್ಣೆಯಲ್ಲಿನ ಮಟ್ಟದ ಶೇ. 50ರೊಳಗಿದ್ದರೆ ಚಿಂತೆ ಕಡಿಮೆ; 100 ದಾಟಿದರೆ ಆ ಮಣ್ಣನ್ನು ಅಪಾಯದ ದರ್ಜೆಗೆ ಸೇರಿಸುತ್ತಾರೆ.

ಮಣ್ಣು ಇಡೀ ಅಂಗಳದಲ್ಲಿ ಒಂದೇ ಸಮ ಉಬ್ಬಿದ್ದರೆ ಹಾಸಿಗೆ ಹಾನಿಯಾಗುತ್ತಿರಲಿಲ್ಲ. ತೊಂದರೆ ಅಸಮತೆಯದು. ಹಾಸು ಬಿದ್ದ ಮೇಲೆ ಅದರ ನಡುಭಾಗದ ಕೆಳಗಿನ ತೇವ ಆರದೆ ಉಳಿಯುತ್ತದೆ; ಅಂಚಿನ ತೇವ ಬೇಸಿಗೆಯಲ್ಲಿ ಆರಿಹೋಗುತ್ತದೆ. ಅಂಚು ತಗ್ಗುತ್ತದೆ, ನಡು ಗುಮ್ಮಟದಂತೆ ಎದ್ದು ನಿಲ್ಲುತ್ತದೆ. ಮೊದಲ ಮಳೆಗೆ ಇದು ತಿರುವುಮುರುವಾಗಿ, ಅಂಚು ಮೊದಲು ಎದ್ದುಬರುತ್ತದೆ. ಹೂದೋಟ ಈ ಅಸಮತೆಯನ್ನು ಹೆಚ್ಚಿಸುತ್ತದೆ: ದಾರಿಯ ಒಂದು ಮಗ್ಗುಲಿಗೆ ದಿನವೂ ನೀರುಣ್ಣುವ ಮಲ್ಲಿಗೆ ಮಡಿ, ಇನ್ನೊಂದು ಮಗ್ಗುಲಿಗೆ ನೀರು ಕಾಣದ ಖಾಲಿ ಜಾಗ, ಮೂಲೆಯಲ್ಲಿ ಬೇರಿನಿಂದ ತೇವ ಎಳೆಯುವ ಬೇವಿನ ಮರ. ಒಂದೇ ಹಾಸಿನ ಕೆಳಗೆ ಮೂರು ಬಗೆಯ ಹವಾಮಾನ ಇದ್ದಂತೆ.

ದಪ್ಪ ಹೆಚ್ಚಿಸಿ, ಕಬ್ಬಿಣದ ಜಾಳಿಗೆ ಹಾಕಿದರೆ ಹಾಸು ತಡೆದುಕೊಳ್ಳುತ್ತದೆ ಎಂಬ ವಾದ ಸಾಮಾನ್ಯ. ಲೆಕ್ಕ ಅದನ್ನು ಬೆಂಬಲಿಸುವುದಿಲ್ಲ. 100 ಮಿ.ಮೀ. ದಪ್ಪದ ಹಾಸಿನ ತೂಕ ಚದರ ಮೀಟರಿಗೆ ಸುಮಾರು 240 ಕಿ.ಗ್ರಾಂ.; ಅದು ಕೆಳಕ್ಕೆ ಒತ್ತುವ ಒತ್ತಡ 2.4 ಕಿಲೊಪ್ಯಾಸ್ಕಲ್ ಮಾತ್ರ. ಉಬ್ಬುವ ಎರೆಮಣ್ಣು ಮೇಲಕ್ಕೆ ಒತ್ತುವ ಒತ್ತಡ ಇದರ ಹತ್ತಾರು ಪಟ್ಟು. ದಪ್ಪ ಇಮ್ಮಡಿಸಿದರೆ ಖರ್ಚು ಇಮ್ಮಡಿಯಾಗುತ್ತದೆ, ಕೆಳಮುಖ ಒತ್ತಡ 4.8 ಆಗುತ್ತದೆ, ಮಣ್ಣಿಗೆ ಅದರಿಂದ ಏನೂ ಅನ್ನಿಸುವುದಿಲ್ಲ. ಜಾಳಿಗೆ ಬಿರುಕನ್ನು ಸಣ್ಣದಾಗಿ ಹಿಡಿದಿಡುತ್ತದೆ ಎಂಬುದು ನಿಜ. ನೆಲ ಏಳುವುದನ್ನು ತಡೆಯಲು ಅದರಿಂದಾಗದು. ಹಳ್ಳಿಗಳ ಸಿ.ಸಿ. ರಸ್ತೆಗಳು ಇದೇ ಎರೆಯ ಮೇಲೆ ನಿಂತಿಲ್ಲವೇ ಎಂದೂ ಕೇಳಬಹುದು. ಆ ರಸ್ತೆಗಳಿಗೂ ಅಡ್ಡ ಸಂದುಗಳಿವೆ, ಕೆಳಗೆ ದಮ್ಮಸು ಮಾಡಿದ ಪದರವಿದೆ. ಮೇಲಾಗಿ ರಸ್ತೆಯಲ್ಲಿ ಬಿರುಕು ಕಂಡರೆ ಯಾರೂ ಅಂದ ಕೆಟ್ಟಿತು ಎನ್ನುವುದಿಲ್ಲ. ಅಲಂಕಾರಿಕ ಹಾಸಿಗೆ ಆ ರಿಯಾಯಿತಿ ಇಲ್ಲ.

ಬುಡಪದರ ಮತ್ತು ರಚನೆ

ಮಣ್ಣನ್ನು ಸೋಲಿಸಲಾಗದಿದ್ದರೂ ದೂರ ಇಡಬಹುದು. ಎರೆಯನ್ನು ತೆಗೆದು, ಉಬ್ಬದ ಆದರೆ ಅಂಟುಗುಣವಿರುವ ಮಣ್ಣಿನ ಪದರ ತುಂಬಿದರೆ ಕೆಳಗಿನ ಉಬ್ಬು ತಗ್ಗುತ್ತದೆ ಎಂಬುದನ್ನು ಐ.ಐ.ಟಿ. ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ 1970ರ ದಶಕದಲ್ಲಿ ಪ್ರತಿಪಾದಿಸಿದರು. ಎರೆನೆಲದ ಕಾಲುವೆಗಳ ಒಳಹಾಸಿನಲ್ಲಿ ಈ ತತ್ವ ಬಳಕೆಗೆ ಬಂತು. ಮನೆಯಂಗಳಕ್ಕೆ ಕಾಲುವೆಯಷ್ಟು ದಪ್ಪದ ಪದರ ಕೈಗೆಟುಕದು. ಆದರೂ 300 ಮಿ.ಮೀ.ನಷ್ಟು ಎರೆ ತೆಗೆದು, ಗರಸನ್ನು 100 ಮಿ.ಮೀ. ಪದರಗಳಲ್ಲಿ ಹರಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಮ್ಮಸು ಹೊಡೆದರೆ ಏರಿಳಿತದ ಮೊನೆ ಮೊಂಡಾಗುತ್ತದೆ. ಈ ತುಂಬುವಿಕೆ ಹಾಸಿನ ಅಂಚಿನಿಂದ ಆಚೆಗೂ 300 ಮಿ.ಮೀ. ಚಾಚಿರಬೇಕು, ಏಕೆಂದರೆ ಕೆಡುವುದು ಅಂಚೇ ಮೊದಲು. ಬರೀ ಉಸುಕನ್ನು ತುಂಬುವುದು ತಪ್ಪು. ಎರೆಯ ನಡುವಿನ ಉಸುಕಿನ ಗುಂಡಿ ಮಳೆನೀರು ನಿಲ್ಲುವ ತೊಟ್ಟಿಯಾಗುತ್ತದೆ.

ಗರಸಿನ ಮೇಲೆ 50ರಿಂದ 75 ಮಿ.ಮೀ. ಖಡಿ, ಅದರ ಮೇಲೆ ಕಾಂಕ್ರೀಟ್. ನಡೆಯುವ ದಾರಿಗೆ 75ರಿಂದ 100 ಮಿ.ಮೀ. ದಪ್ಪ ಸಾಕು, ಕಬ್ಬಿನ ಟ್ರ್ಯಾಕ್ಟರ್ ಒಳಬರುವ ಅಂಗಳಕ್ಕೆ 150 ಮಿ.ಮೀ. ಬೇಕು. ಮನೆಯ ಗೋಡೆಯಿಂದ ಹೊರಕ್ಕೆ 50ಕ್ಕೆ 1ರಷ್ಟು ಇಳಿಜಾರು, ಅಂದರೆ ಮೀಟರಿಗೆ 20 ಮಿ.ಮೀ., ಕೊಟ್ಟರೆ ನೀರು ಬುನಾದಿಯತ್ತ ತಿರುಗುವುದಿಲ್ಲ. ಸಂದುಗಳ ಅಂತರ ಸಾಧಾರಣ ನೆಲದಲ್ಲಿ ಹಾಸಿನ ದಪ್ಪದ 24ರಿಂದ 30 ಪಟ್ಟು, 100 ಮಿ.ಮೀ. ಹಾಸಿಗೆ 2.4ರಿಂದ 3 ಮೀಟರ್. ಎರೆಯ ಮೇಲೆ ಇದನ್ನು ಒಂದೂವರೆ ಮೀಟರಿಗೆ ಇಳಿಸುವುದು ಲೇಸು. ಚೌಕ ಸಣ್ಣದಾದಷ್ಟೂ ಅದು ಬಾಗುವುದಕ್ಕೆ ಬದಲು ಇಡಿಯಾಗಿ ಓರೆಯಾಗುತ್ತದೆ. ಓರೆಯಾದ ಚೌಕ ಬಿರಿಯುವುದಿಲ್ಲ.

ಬಗೆಗಳು

ಅಲಂಕಾರಿಕ ಹಾಸಿನ ಬಗೆಗಳಲ್ಲಿ ಅಚ್ಚೊತ್ತಿದ ಹಾಸು ಹೆಚ್ಚು ಆಡಂಬರದ್ದು. ಹಸಿ ಕಾಂಕ್ರೀಟಿನ ಮೇಲೆ ಬಣ್ಣದ ಗಟ್ಟಿಪುಡಿ ಎರಚಿ, ಉಜ್ಜಿ, ಅಚ್ಚು ಅಂಟದಂತೆ ಬಿಡಿಸುವ ಪುಡಿ ಹಾಕಿ, ಪಾಲಿಯುರೆಥೇನ್ ಮ್ಯಾಟುಗಳನ್ನು ಒತ್ತುತ್ತಾರೆ. ಒತ್ತುವ ಹೊತ್ತನ್ನು ಬೆರಳೇ ಹೇಳುತ್ತದೆ: ಬೆರಳೂರಿದಾಗ ಐದಾರು ಮಿ.ಮೀ. ಗುಳಿ ಬೀಳಬೇಕು, ಮೇಲೆ ನೀರಿನ ಹೊಳಪು ಇರಬಾರದು. ಬೇಸಿಗೆಯಲ್ಲಿ ಈ ಹದ ಬಹಳ ಹೊತ್ತು ನಿಲ್ಲದು. ಒಂದು ಮೂಲೆ ಒತ್ತುವಷ್ಟರಲ್ಲಿ ಇನ್ನೊಂದು ಮೂಲೆ ಕಲ್ಲಾಗಿರುತ್ತದೆ. ಇದರ ಮೂಲ ದೋಷ ಬೇರೆ. ದೊಡ್ಡ ಬಂಡೆಯ ಅಥವಾ ಹಲಗೆಯ ನಕಲು ತೋರಿಸುವ ಹಾಸಿನ ನಡುವೆ ನೇರ ಸಂದು ಕೊಯ್ದರೆ ಚಿತ್ರ ಕೆಡುತ್ತದೆ. ಚಿತ್ರ ಉಳಿಸಲು ಸಂದನ್ನು ಕೈಬಿಟ್ಟರೆ ನೆಲವೇ ತನ್ನ ಸಂದನ್ನು ಕೊಯ್ದುಕೊಳ್ಳುತ್ತದೆ. ಅಚ್ಚಿನ ಗೆರೆ ಕೆಲವೇ ಮಿ.ಮೀ. ಆಳದ್ದು, ಬಿರುಕನ್ನು ತನ್ನೆಡೆಗೆ ಸೆಳೆಯಲು ಸಂದಿನ ಆಳ ಹಾಸಿನ ದಪ್ಪದ ಕಾಲುಭಾಗವಾದರೂ ಇರಬೇಕು. ನೋಟಕ್ಕೆ ನೂರು ಸಂದುಗಳಿದ್ದರೂ ಕೆಲಸಕ್ಕೆ ಒಂದೂ ಇರುವುದಿಲ್ಲ.

ಖಡಿ ತೋರುವ ಹಾಸು ಈ ಸೀಮೆಯ ಸಾಮಗ್ರಿಗೆ ಹತ್ತಿರದ್ದು. ಕಾಂಕ್ರೀಟನ್ನು ಮಟ್ಟ ಮಾಡಿದ ಮೇಲೆ ಅದರ ಮೈ ಬೇಗ ಗಟ್ಟಿಯಾಗದಂತೆ ತಡೆಯುವ ದ್ರವ ಸಿಂಪಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮರುದಿನ ನೀರು ಬಿಟ್ಟು ಬ್ರಶ್ಶಿನಿಂದ ಉಜ್ಜಿದರೆ ಮೇಲಿನ ಸಿಮೆಂಟ್ ತೊಳೆದುಹೋಗಿ 10–12 ಮಿ.ಮೀ. ಖಡಿಯ ಮೂರನೇ ಒಂದು ಭಾಗ ಹೊರಗೆ ಕಾಣುತ್ತದೆ. ತಡೆಯುವ ಆ ವಸ್ತು ಸಕ್ಕರೆಯೂ ಆಗಬಹುದು. ಸಿಮೆಂಟಿನ ತೂಕದ ಶೇ. 0.05ರಷ್ಟು ಸಕ್ಕರೆ ಬೆರೆತರೂ ಗಟ್ಟಿಯಾಗುವುದು ಕೆಲವು ಗಂಟೆ ಹಿಂದೆ ಬೀಳುತ್ತದೆ. ಹೆಚ್ಚಾದರೆ ಕಾಂಕ್ರೀಟ್ ಕೂಡುವುದೇ ಇಲ್ಲ. ಹಾಗಾಗಿ ಸಕ್ಕರೆ ನೀರು ಮೈಗೆ ಮಾತ್ರ, ಬೆರಕೆಗೆ ಅಲ್ಲ. ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದ ಹಳೆಯ ರೂಢಿಯನ್ನು ಸಿಮೆಂಟಿಗೆ ಹಾಗೆಯೇ ತರಲಾಗದು ಎಂಬುದನ್ನೂ ಇಲ್ಲಿಯೇ ಹೇಳಬೇಕು; ಸುಣ್ಣ ಗಟ್ಟಿಯಾಗುವ ಬಗೆಯೇ ಬೇರೆ. ಕರಿಕಲ್ಲಿನ ಖಡಿ ಒದ್ದೆಯಾದಾಗ ನೀಲಿಗಪ್ಪು, ಒಣಗಿದಾಗ ಬೂದಿ. ಈ ಬಣ್ಣ ಕಲ್ಲಿನದೇ ಆದ್ದರಿಂದ ಮಾಸುವ ಪ್ರಶ್ನೆಯಿಲ್ಲ. ಚೌಕಗಳ ನಡುವೆ ಇಟ್ಟಿಗೆ ಅಥವಾ ಫರಸಿಯ ಪಟ್ಟಿ ಕೊಟ್ಟರೆ ಅದೇ ಸಂದಾಗುತ್ತದೆ, ಅದೇ ಅಲಂಕಾರವೂ ಆಗುತ್ತದೆ.

ಬಣ್ಣದ ಹಾಸಿನಲ್ಲಿ ಕಬ್ಬಿಣದ ಆಕ್ಸೈಡಿನ ಕೆಂಪು, ಹಳದಿ, ಕಂದು ಬಿಸಿಲಿಗೆ ನಿಲ್ಲುತ್ತವೆ. 50 ಕಿ.ಗ್ರಾಂ. ಚೀಲಕ್ಕೆ 2.5 ಕಿ.ಗ್ರಾಂ., ಅಂದರೆ ಶೇ. 5, ಸಾಮಾನ್ಯ ಪ್ರಮಾಣ; ಶೇ. 10 ದಾಟಿದರೆ ಬಣ್ಣ ಏರುವುದಿಲ್ಲ, ಬಲ ಇಳಿಯುತ್ತದೆ. ನದಿಯ ಉಸುಕಿಗೆ ಬದಲು ಕರಿಕಲ್ಲು ಅರೆದ ಎಂ-ಸ್ಯಾಂಡ್ ಬಳಸಿದಲ್ಲಿ ಹಳದಿ ಹಸುರಾಗಿ, ಕೆಂಪು ಕಂದಾಗಿ ಕಾಣುವುದುಂಟು. ಒಂದು ಬೆರಕೆಗೆ ನೀರು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿದ್ದರೂ ಪಕ್ಕಪಕ್ಕದ ಚೌಕಗಳ ಬಣ್ಣ ಬೇರೆಯಾಗುತ್ತದೆ. ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ ಸವಳಾದ ನೆಲದಲ್ಲಿ ಇನ್ನೊಂದು ಕಾಟ: ಕೆಳಗಿನ ಲವಣ ನೀರಿನೊಂದಿಗೆ ಮೇಲೇರಿ, ನೀರು ಆರಿದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕೆಂಪು ಹಾಸಿನ ಮೇಲೆ ಅದು ಎದ್ದು ಕಾಣುತ್ತದೆ, ಬೂದು ಹಾಸಿನ ಮೇಲೆ ಅಷ್ಟಾಗಿ ಕಾಣದು. ಖಡಿಯ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದು ಇದಕ್ಕೆ ಅಗ್ಗದ ತಡೆ. ಬೆರಕೆಯ ನೀರೂ ಸವಳಾಗಿರಬಾರದು, ಐ.ಎಸ್. 456 ಪ್ರಕಾರ ಜಾಳಿಗೆಯಿಲ್ಲದ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 2000 ಮಿ.ಗ್ರಾಂ., ಜಾಳಿಗೆ ಇದ್ದರೆ 500 ಮಿ.ಗ್ರಾಂ. ಮೀರಕೂಡದು.

ಬಿಲ್ಲೆಗಳ ಹಾಸು, ಅಂದರೆ ಪೇವರ್ ಬ್ಲಾಕ್, ಗುಡಿ, ಶಾಲೆ, ಪಂಚಾಯಿತಿ ಆವರಣಗಳಿಂದ ಮನೆಯಂಗಳಕ್ಕೆ ಬಂದದ್ದು. ಐ.ಎಸ್. 15658 ಪ್ರಕಾರ ವಾಹನವಿಲ್ಲದ ಜಾಗಕ್ಕೆ 50 ಮಿ.ಮೀ. ದಪ್ಪದ ಎಂ30 ದರ್ಜೆ, ಹಗುರ ವಾಹನಕ್ಕೆ 60 ಮಿ.ಮೀ. ದಪ್ಪದ ಎಂ35. ಇದರಲ್ಲಿ ಪ್ರತಿ ಬಿಲ್ಲೆಯ ಸುತ್ತಲೂ ಸಂದೇ. ನೆಲ ಎದ್ದರೆ ಬಿಲ್ಲೆಗಳು ಅಲೆಯಂತೆ ಏಳುತ್ತವೆ, ಒಡೆಯುವುದಿಲ್ಲ. ಇದರ ವಿರುದ್ಧ ಎರಡು ದೂರುಗಳಿವೆ: ಸಂದಿನಲ್ಲಿ ಕರಿಕೆ ಹುಟ್ಟುತ್ತದೆ, ನಡೆದಾಡಿದಲ್ಲಿ ತಗ್ಗು ಬೀಳುತ್ತದೆ. ಎರಡೂ ನಿಜ. ಆದರೆ ತಗ್ಗು ಬೀಳುವುದಕ್ಕೆ ಬಹುಪಾಲು ಕಾರಣ ಅಂಚುಕಲ್ಲು ಇಲ್ಲದಿರುವುದು ಮತ್ತು ಬುಡಪದರದ ಕೊರತೆಯನ್ನು ಉಸುಕಿನಿಂದ ತುಂಬಿದ್ದು. ಬಿಲ್ಲೆಯ ಕೆಳಗೆ ಉಸುಕು 25ರಿಂದ 40 ಮಿ.ಮೀ. ಇರಬೇಕು, ಅದಕ್ಕಿಂತ ಹೆಚ್ಚು ಬೇಡ. ಕರಿಕೆ ಕೀಳಬಹುದಾದದ್ದು, ಒಂದಾಗಿ ಹೊಯ್ದ ಇಡೀ ಹಾಸಿನ ಬಿರುಕು ಕೀಳಲಾಗದ್ದು.

ಹೂದೋಟದ ಒಳದಾರಿಗೆ ಬಿಡಿ ಚಪ್ಪಡಿಗಳನ್ನು ಹುಲ್ಲಿನ ನಡುವೆ ಇಡುವುದೂ ಉಂಟು. ನಡುವಿನಿಂದ ನಡುವಿಗೆ 600ರಿಂದ 650 ಮಿ.ಮೀ. ಅಂತರವಿದ್ದರೆ ಹೆಜ್ಜೆಗೆ ಹೊಂದುತ್ತದೆ. ಕಾಂಕ್ರೀಟ್ ನೆಲವನ್ನು ಮುಚ್ಚಿ ಮಳೆನೀರು ಇಂಗದಂತೆ ಮಾಡುತ್ತದೆ, ಅಂಗಳ ಕಾಯುತ್ತದೆ ಎಂಬ ಆಕ್ಷೇಪ ಇಡೀ ಹಾಸಿನ ವಿಷಯದಲ್ಲಿ ಸರಿಯಾದದ್ದೇ. ಚಪ್ಪಡಿ ದಾರಿ ಅದಕ್ಕೆ ಒಂದು ಉತ್ತರ, ಅಲ್ಲಿಯೂ ಅಂದ ಕೊಡುವುದು ನಡುವೆ ಬಿಟ್ಟ ಜಾಗವೇ.

ಹಾಸುವ ಕ್ರಮ

ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಆಗ ಮಣ್ಣಿನ ತೇವ ನಡುಮಟ್ಟದಲ್ಲಿರುತ್ತದೆ. ಪೂರ್ತಿ ಒಣಗಿ ಕುಗ್ಗಿದ ಎರೆಯ ಮೇಲೆ ಮೇ ತಿಂಗಳಲ್ಲಿ ಹಾಸಿದರೆ ಅದು ಮುಂದೆ ಉಬ್ಬುವುದೊಂದೇ ದಾರಿ. (ಕಬ್ಬಿನ ಬಿಲ್ ಕೈಸೇರುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ ಎಂಬುದು ಬೇರೆ ಮಾತು.) ಗೌಂಡಿ ನಾಲ್ಕೂ ಮೂಲೆಗೆ ಗೂಟ ಹೊಡೆದು, ದಾರ ಕಟ್ಟಿ, ಲೆವೆಲ್ ಪೈಪಿನ ನೀರಿನಿಂದ ಮಟ್ಟ ನೋಡಿ, ಇಳಿಜಾರು ಕೊಟ್ಟು ಹಲಗೆ ನಿಲ್ಲಿಸುತ್ತಾನೆ. ಸಿಮೆಂಟು, ಉಸುಕು, ಖಡಿಯ 1:1½:3ರ ಬೆರಕೆಗೆ ಚೀಲಕ್ಕೆ 25ರಿಂದ 27 ಲೀಟರ್ ನೀರು. ಸಲಿಕೆಗೆ ಹಗುರಾಗಲಿ ಎಂದು ಮೇಲೆ ಸುರಿಯುವ ಒಂದೊಂದು ಕೊಡವೂ ಬಲವನ್ನು ತಗ್ಗಿಸಿ, ಮೈಯನ್ನು ಪುಡಿಪುಡಿಯಾಗಿಸುತ್ತದೆ. ಚೌಕಗಳನ್ನು ಚದುರಂಗದ ಹಲಗೆಯಂತೆ ಒಂದು ಬಿಟ್ಟು ಒಂದು ತುಂಬಿ, ಉಳಿದವನ್ನು ಮರುದಿನ ತುಂಬಿದರೆ ಸಂದು ತಾನೇ ಮೂಡುತ್ತದೆ. ಗೋಡೆ ಮತ್ತು ಹಾಸಿನ ನಡುವೆ 12 ಮಿ.ಮೀ. ಬಿಟ್ಟು ಮೆತ್ತನೆಯ ಹಲಗೆ ಇಡಬೇಕು. ಇಲ್ಲವಾದರೆ ಏಳುವ ಹಾಸು ಗೋಡೆಯ ಗಿಲಾಯಿಯನ್ನು ಸುಲಿಯುತ್ತದೆ. ಮೇಲ್ಮೈ ನೀರು ಆರುವ ಮುನ್ನವೇ ಒಣ ಸಿಮೆಂಟ್ ಎರಚಿ ಥಾಪಿ ಎಳೆದ ಮೈ ಆ ಗಳಿಗೆಗೆ ಕನ್ನಡಿಯಂತೆ ಹೊಳೆಯುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ.

ನೀರುಣಿಸುವುದಕ್ಕೆ ಐ.ಎಸ್. 456 ಸಾಧಾರಣ ಸಿಮೆಂಟಿಗೆ 7 ದಿನ, ಬಿಸಿಲಿನ ಒಣಹವೆಯಲ್ಲಿ ಮತ್ತು ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಹೇಳುತ್ತದೆ. ಈಗ ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಬೆರಕೆ ಸಿಮೆಂಟೇ ಆದ್ದರಿಂದ ಹತ್ತು ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಬಣ್ಣದ ಹಾಸಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದರೆ ಅದರ ನೇಯ್ಗೆಯ ಕಲೆ ಉಳಿಯುತ್ತದೆ.

ಬಳಕೆ

ಅಂಗಳದ ಮೇಲೆ ಅರಿಶಿನ, ಗೋವಿನಜೋಳ, ಜೋಳ, ಶೇಂಗಾ ಒಣಗುತ್ತವೆ. ಆಳದ ಅಚ್ಚಿನ ಹಾಸಿನಲ್ಲಿ ಜೋಳದ ಕಾಳು ಗೆರೆಯೊಳಗೆ ಕೂತು ಕಸಬರಿಗೆಗೆ ಸಿಗುವುದಿಲ್ಲ. ಖಡಿ ತೋರುವ ಹಾಸೂ ಅಷ್ಟೇ. ಹೊಸ್ತಿಲ ಮುಂದಿನ ಜಾಗಕ್ಕೆ ರಂಗೋಲಿ ಬೇಕು. ಚುಕ್ಕಿಯಿಂದ ಚುಕ್ಕಿಗೆ ಎಳೆ ಮುರಿಯದೆ ಸಾಗಲು ಅಲ್ಲಿ ನಯವಾದ ಮೈಯೇ ಆಗಬೇಕು. ಅದೇ ನಯ ಬಚ್ಚಲ ನೀರು ಹರಿಯುವ ಕಡೆ ಇದ್ದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಅಲ್ಲಿ ಹಸಿಯಿದ್ದಾಗಲೇ ಕಸಬರಿಗೆ ಎಳೆದು ಗೀರು ಕೊಡಬೇಕು. ಹೀಗೆ ಒಂದೇ ಅಂಗಳ ಮೂರು ನಾಲ್ಕು ಮೈಗಳನ್ನು ಕೇಳುತ್ತದೆ, ಅವುಗಳ ಗಡಿಗಳೆಲ್ಲ ಸಂದುಗಳೇ. ಎತ್ತಿನ ಗೊರಸು ಮತ್ತು ಬಂಡಿಯ ಕಬ್ಬಿಣದ ಹಳಿ ಬಣ್ಣದ ತೆಳು ಪದರವನ್ನು ಕೆತ್ತುತ್ತವೆ. ಹುದುಗು ಬಂದ ಕಬ್ಬಿನ ಹಾಲು, ಕಾಕಂಬಿ ಚೆಲ್ಲಿದಲ್ಲಿ ಅದರ ಹುಳಿ ಸಿಮೆಂಟನ್ನು ತಿನ್ನುತ್ತದೆ. ಕೂಡಲೇ ತೊಳೆಯುವುದು ಸಾಕು.

ಸದ್ಯದ ಸ್ಥಿತಿ

ಸಿಮೆಂಟ್ ಈಗ ದೂರದ್ದಲ್ಲ. ಕಲಾದಗಿ ಸುಣ್ಣಕಲ್ಲಿನ ಪಟ್ಟಿಯ ಮೇಲೆ ಬೆಳಗಾವಿ ಜಿಲ್ಲೆಯ ಯಾದವಾಡ ಮತ್ತು ಬಾಗಲಕೋಟೆ ಜಿಲ್ಲೆಯ ಮುದ್ದಾಪುರಗಳಲ್ಲಿ ಕಾರ್ಖಾನೆಗಳಿವೆ. ಖಡಿ, ಎಂ-ಸ್ಯಾಂಡ್ ಸ್ಥಳೀಯ ಕರಿಕಲ್ಲಿನವು. ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ಬೂದಿಯನ್ನು ನುಣ್ಣಗೆ ಅರೆದು ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಬಳಸಬಹುದೆಂದು ಪ್ರಯೋಗಗಳು ತೋರಿಸಿವೆ. ಅದರ ಕಪ್ಪು ಛಾಯೆ ತಿಳಿಬಣ್ಣಗಳಿಗೆ ಒಗ್ಗುವುದಿಲ್ಲ.

2005, 2019 ಮತ್ತು 2021ರಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಈ ಸೀಮೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ನೆರೆಯ ನೀರು ದಿನಗಟ್ಟಲೆ ನಿಂತಲ್ಲಿ ಎರೆ ತನ್ನ ಪೂರ್ಣ ಉಬ್ಬನ್ನು ಮುಟ್ಟುತ್ತದೆ, ಇಳಿಯುವ ನೀರು ಅಂಚಿನ ಕೆಳಗಿನ ಗರಸನ್ನು ಕೊಚ್ಚುತ್ತದೆ. ಇಡೀ ಹಾಸಿನಲ್ಲಿ ಈ ಟೊಳ್ಳು ಮೇಲಿಂದ ಕಾಣದು. ಸರಳಿನಿಂದ ತಟ್ಟಿ, ಡಬ್‌ಡಬ್ ಸದ್ದು ಕೇಳಿ ಹುಡುಕಬೇಕು. ಬಿಲ್ಲೆಯ ಹಾಸಿನಲ್ಲಿ ಕುಸಿದದ್ದು ಕಣ್ಣಿಗೇ ಬೀಳುತ್ತದೆ. ಅಂಚಿನ ಒಂದು ಬಿಲ್ಲೆಯನ್ನು ಸರಳಿನಿಂದ ಮೀಟಿ ತೆಗೆದರೆ ಉಳಿದವು ಕೈಗೆ ಬರುತ್ತವೆ. ರೇವೆ ತೊಳೆದು, ಗರಸು ತುಂಬಿ ದಮ್ಮಸು ಮಾಡಿ, ಹೊಸ ಉಸುಕು ಹರಡಿ, ಅದೇ ಬಿಲ್ಲೆಗಳನ್ನು ಅದೇ ಸಾಲಿನಲ್ಲಿ ಮತ್ತೆ ಕೂರಿಸಬಹುದು.